ಮುರಿಯದ ಪಿನ್ನು

ನಮ್ಮ ಮನೆಯಲ್ಲಿ ನೆಟ್ಟಗಿರುವ ವಸ್ತು ಒಂದೂ ಇಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಊಟದ ತಟ್ಟೆಯ ಅಂಚಿನಲ್ಲಿ ಗೀರು, ಗೋಡೆ ಗಡಿಯಾರದ ಒಂದು ಮುಳ್ಳಿಗೆ ಬಣ್ಣ ಹಿಡಿದಿಲ್ಲ, ನನ್ನ ಅಂಗಿಯ ಬಲತೋಳು ಎಡತೋಳಿಗಿಂತ ಅರ್ಧ ಬೆರಳು ಗಿಡ್ಡ. ಎಲ್ಲವೂ ರಿಜೆಕ್ಟ್ ಮಾಲು. ಹೊಸೂರಿನಲ್ಲಿ ಸಂಸಾರ ಹೂಡಿದವರಿಗೆ ಇದರಲ್ಲಿ ನಾಚಿಕೆಯಿಲ್ಲ, ಒಂದು ಬಗೆಯ ಜಂಬವೇ ಇದೆ. ಸುತ್ತ ಎಲ್ಲಿ ನೋಡಿದರೂ ಫ್ಯಾಕ್ಟರಿ. ಫ್ಯಾಕ್ಟರಿ ಬೇಡವೆಂದದ್ದು ನಮ್ಮ ಅಡುಗೆಮನೆಗೆ ಬೇಕು. ಗುಲಾಬಿಯದೂ ಅದೇ ಕಥೆ. ವಿಮಾನ ಹತ್ತಬೇಕಾದ ಹೂವಿನ ದಂಟು ಸ್ವಲ್ಪ ಸೊಟ್ಟಗಿದ್ದರೆ ಸಾಕು, ರಿಜೆಕ್ಟ್ ಆಗಿ ನಮ್ಮ ಮಾರ್ಕೆಟ್ಟಿಗೆ ಬಂದು ನಮ್ಮ ದೇವರ ಮುಡಿಗೇರುತ್ತದೆ. ದೇವರು ಇದುವರೆಗೂ ದಂಟು ಅಳೆದು ನೋಡಿದ್ದಿಲ್ಲ. ಹೀಗಾಗಿ ರಿಜೆಕ್ಟ್ ಎಂದರೆ ನಮ್ಮ ಕಡೆ ಕೆಟ್ಟದ್ದು ಎಂದು ಅರ್ಥವಲ್ಲ. ಪರದೇಶದವರ ಕೊಂಕಿನಿಂದಾಗಿ ನಮ್ಮ ಪಾಲಿಗೆ ಬಂದ ಒಳ್ಳೆಯ ಮಾಲು ಎಂದರ್ಥ. ಈ ನಂಬಿಕೆಯೇ ಮಾವನ ಮನೆಯಲ್ಲಿ ನನಗಿದ್ದ ಮರ್ಯಾದೆಯನ್ನು ನುಂಗಿ ನೀರು ಕುಡಿಯಿತು.

ನಾನು ಕೆಲಸ ಮಾಡುವ ಫ್ಯಾಕ್ಟರಿಯಲ್ಲಿ ಸ್ನೋ ಬ್ಲೋವರಿಗೆ, ಅಂದರೆ ಹಿಮವನ್ನು ಬಾಚಿ ದೂರ ಎಸೆಯುವ ಯಂತ್ರಕ್ಕೆ, ಬಿಡಿಭಾಗ ಮಾಡಿ ಹೊರದೇಶಕ್ಕೆ ಕಳಿಸುತ್ತಾರೆ. ನಮ್ಮಲ್ಲಿ ಒಬ್ಬರೂ ಹಿಮ ಕಂಡವರಲ್ಲ. ಅಳತೆ ನೋಡಲೆಂದು ತರಿಸಿದ್ದ ಒಂದು ಹಳೆಯ ಯಂತ್ರ ಶೆಡ್ಡಿನಲ್ಲಿ ಧೂಳು ತಿನ್ನುತ್ತಿತ್ತು. ಅದನ್ನು ಗುಜರಿಗೆ ಹಾಕುವ ದಿನ ನನ್ನ ತಲೆಗೆ ಒಂದು ಯೋಚನೆ ಬಂತು. ಉದ್ದನಪಲ್ಲಿಯಲ್ಲಿ ನನ್ನ ಮಾವನಿಗೆ ಟೊಮೇಟೊ, ಸೇವಂತಿಗೆ ತೋಟ. ಊರಿನ ಆಳುಗಳೆಲ್ಲ ಬೆಳಗಾದರೆ ಕಂಪನಿ ಬಸ್ಸು ಹತ್ತುತ್ತಾರೆ, ಗೊಬ್ಬರ ಎರಚುವವರಿಲ್ಲ. ಯಂತ್ರಕ್ಕೆ ಹಿಮವಾದರೇನು, ಒಣಗಿದ ತಿಪ್ಪೆಗೊಬ್ಬರವಾದರೇನು? ಫ್ಯಾಕ್ಟರಿಯವರನ್ನು ಕೇಳಿ, ಗುಜರಿ ಬೆಲೆಗೆ ಕೊಂಡು, ಟೆಂಪೋದಲ್ಲಿ ಹಾಕಿಸಿ ಕಳಿಸಿಯೇಬಿಟ್ಟೆ. ಹಿಮ ಎಂದರೇನು ಎಂದು ಅತ್ತೆ ಕೇಳಿದರು. ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಬೆಳ್ಳಗೆ ಕಟ್ಟಿಕೊಳ್ಳುತ್ತದಲ್ಲ, ಅದೇ ಎಂದೆ. ಅದನ್ನು ಕೆರೆಯಲು ಇಷ್ಟು ದೊಡ್ಡ ಮಷೀನು ಬೇಕೇ, ನಾನು ಚಮಚದಲ್ಲಿ ಕೆರೀತೀನಲ್ಲ ಎಂದು ಅವರಿಗೆ ಆಶ್ಚರ್ಯವಾಯಿತು.

ಯಂತ್ರದ ಮುಂದೆ ಸುರುಳಿಯಾಗಿ ಸುತ್ತುವ ಅಲಗು, ಮೇಲೆ ಆನೆಯ ಸೊಂಡಿಲಿನಂಥ ಕೊಳವೆ. ಅಲಗು ಬಾಚಿದ್ದನ್ನು ಸೊಂಡಿಲು ಎಸೆಯುತ್ತದೆ. ಮೊದಲ ದಿನ ಸೊಂಡಿಲು ಯಾವ ಕಡೆ ತಿರುಗಿದೆ ಎಂದು ನೋಡದೆ ಚಾಲೂ ಮಾಡಿ, ಪಕ್ಕದ ಹೊಲದ ಯಜಮಾನರಿಗೆ ನಿಂತಲ್ಲೇ ಗೊಬ್ಬರ ಕೊಟ್ಟೆವು. ಆಮೇಲೆ ಕೈ ಪಳಗಿತು. ಆಳುಗಳು ಸಂಜೆತನಕ ಹೊರುತ್ತಿದ್ದ ಗೊಬ್ಬರ ಊಟದ ಹೊತ್ತಿಗೆ ಹೊಲವೆಲ್ಲ ಹರಡಿತ್ತು. ನಾನು ಊರಿನಲ್ಲಿ ‘ಐಸ್ ಮಷೀನಿನ ಅಳಿಯ’ ಆದೆ. ಹೋದಾಗಲೆಲ್ಲ ಮುದ್ದೆಯ ಪಕ್ಕಕ್ಕೆ ನಾಟಿಕೋಳಿ ಸಾರು ಬೀಳತೊಡಗಿತು. ಅದುವರೆಗೆ ಆ ಮನೆಯಲ್ಲಿ ಕೋಳಿ ಕೂಗುತ್ತಿದ್ದದ್ದು ನನ್ನ ಷಡ್ಡಕನಿಗೆ ಮಾತ್ರ. ಅವನು ನನ್ನ ನಾದಿನಿಯ ಗಂಡ, ಕೆಲಮಂಗಲದಲ್ಲಿ ಟ್ರ್ಯಾಕ್ಟರ್ ಬಾಡಿಗೆಗೆ ಬಿಡುವ ಆಸಾಮಿ. ಮೊದಲ ಸಲ ಅವನ ತಟ್ಟೆಯಲ್ಲೂ ನನ್ನ ತಟ್ಟೆಯಲ್ಲೂ ಒಂದೇ ಗಾತ್ರದ ತುಂಡು ಕಂಡಾಗ ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ.

ಆದರೆ ಯಂತ್ರವೆಂದ ಮೇಲೆ ಬಿಡಿಭಾಗದ ಚಿಂತೆ ಇದ್ದೇ ಇರುತ್ತದೆ, ಅದರಲ್ಲೂ ಇಡೀ ಕೃಷ್ಣಗಿರಿ ಜಿಲ್ಲೆಗೆ ಒಂದೇ ಇರುವ ಯಂತ್ರಕ್ಕೆ. ಬೆಲ್ಟು ಸವೆದಾಗ ಹಿಟ್ಟಿನ ಗಿರಣಿಯ ಬೆಲ್ಟು ಅಳೆದು ಹಾಕಿದೆ. ಸ್ವಲ್ಪ ಕಿರುಚುತ್ತಿತ್ತು, ಗ್ರೀಸು ಹಚ್ಚಿದ ಮೇಲೆ ಜಾರತೊಡಗಿತು, ಒರೆಸಿದ ಮೇಲೆ ಮತ್ತೆ ಕಿರುಚಿತು, ಕಿರುಚಲಿ ಎಂದು ಬಿಟ್ಟೆ. ನೆಲಕ್ಕೆ ತಾಗುವ ಪಾದದ ತಗಡು ತೇದುಹೋದಾಗ ಜೂಜುವಾಡಿಯ ಗ್ಯಾರೇಜಿನಲ್ಲಿ ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿ ಕತ್ತರಿಸಿ ಕೂರಿಸಿದರು. ಕೊರತೆ ಬಿದ್ದದ್ದು ಪಿನ್ನಿಗೆ. ಸುರುಳಿ ಅಲಗನ್ನು ಒಳಗಿನ ದಂಡಕ್ಕೆ ಹಿಡಿದಿಡುವುದು ಕಿರುಬೆರಳಿನಷ್ಟು ಉದ್ದದ ಒಂದು ಪಿನ್ನು. ಅಲಗಿಗೆ ಕಲ್ಲು ಸಿಕ್ಕಿದರೆ ಮೊದಲು ಅದು ಮುರಿಯಬೇಕು. ಅದು ಮುರಿದರೆ ಉಳಿದದ್ದೆಲ್ಲ ಉಳಿಯುತ್ತದೆ. ಹಿಮದಲ್ಲಿ ಕಲ್ಲು ಅಪರೂಪವಿರಬಹುದು. ನಮ್ಮ ಮಾವನ ತಿಪ್ಪೆಯಲ್ಲಿ ತೆಂಗಿನ ಚಿಪ್ಪು, ಎತ್ತಿನ ಲಾಳ, ಯಾರದೋ ಒಂಟಿ ಚಪ್ಪಲಿ, ಎಲ್ಲವೂ ಇದ್ದವು. ಪಿನ್ನು ಮುರಿಯಿತು, ಹೊಸದು ಹಾಕಿದೆವು, ಅದೂ ಮುರಿಯಿತು. ಹೊಸೂರಿನ ಅಂಗಡಿಯೊಂದರಲ್ಲಿ ನನ್ನ ಫ್ಯಾಕ್ಟರಿ ತಮಿಳಿನಲ್ಲಿ ಪಿನ್ನು ಕೇಳಿದೆ. ಅಂಗಡಿಯವರು ತಲೆಯೆತ್ತದೆ ‘ಪಿನ್ನಾಡಿ ವಾಂಗ’ ಎಂದರು. ಆಮೇಲೆ ಬನ್ನಿ ಎಂದು ಅವರ ಅರ್ಥ. ಹಿಂದುಗಡೆ ಬನ್ನಿ ಎನ್ನಲೂ ಅದೇ ಮಾತು. ಪಿನ್ನುಗಳನ್ನು ಹಿಂದೆ ಇಟ್ಟಿದ್ದಾರೆಂದು ನಾನು ಅಂಗಡಿಯ ಹಿತ್ತಲಿಗೆ ಹೋಗಿ, ಅವರ ಹೆಂಡತಿ ಬಟ್ಟೆ ಒಗೆಯುತ್ತಿದ್ದ ಕಲ್ಲಿನ ಎದುರು ಗಂಭೀರವಾಗಿ ನಿಂತೆ. ಆ ಅಂಗಡಿಗೆ ಇನ್ನು ಹೋಗುವಂತಿಲ್ಲ.

ಮಾವನಿಗೆ ಇದೆಲ್ಲ ಕಟ್ಟಿಕೊಂಡು ಏನಾಗಬೇಕು? ನಾಟಿ ಮಾಡುವ ಹೊತ್ತು ಹತ್ತಿರ ಬಂದಿತ್ತು, ಗೊಬ್ಬರ ತಿಪ್ಪೆಯಲ್ಲೇ ಇತ್ತು. ಸಾರು ಕೋಳಿಯಿಂದ ಮೊಟ್ಟೆಗೆ ಇಳಿದು, ಮೊಟ್ಟೆಯಿಂದ ಸೊಪ್ಪಿಗೆ ಬಂದಿತ್ತು. ಒಂದು ಭಾನುವಾರ ಅವರು ಬಾಯಿಬಿಟ್ಟೇ ಹೇಳಿದರು.

“ಅಳಿಯಂದ್ರೆ, ಈ ಪಿನ್ನು ಇನ್ನೊಂದ್ಸಲ ಮುರೀತು ಅಂದ್ರೆ ನಿಮ್ ಮಷೀನ್ನ ಹುಣಸೆಮರದ ಕೆಳಕ್ಕೆ ತಳ್ಬುಟ್ಟು, ಕೆಲಮಂಗಲದ ಅಳಿಯನ ಟ್ರ್ಯಾಕ್ಟರ್‌ಗೆ ಹೇಳ್ಬುಡ್ತೀನಿ. ಬ್ಯಾಸರ ಮಾಡ್ಕೋಬ್ಯಾಡಿ.”

ಬೇಸರವಲ್ಲ, ಹೊಟ್ಟೆ ಉರಿಯಿತು. ಷಡ್ಡಕ ಅಲ್ಲೇ ಜಗಲಿಯ ಮೇಲೆ ಹಲ್ಲುಕಡ್ಡಿ ಕಚ್ಚಿಕೊಂಡು ಕೂತಿದ್ದ. ಅವನು ನಗಲಿಲ್ಲ ಎಂಬುದೇ ನನಗೆ ಹೆಚ್ಚು ಉರಿ.

ಇಲ್ಲಿ ನನ್ನ ಕೆಲಸ ಏನೆಂದು ಹೇಳಬೇಕು. ಫ್ಯಾಕ್ಟರಿಯಲ್ಲಿ ಇದೇ ಪಿನ್ನುಗಳನ್ನು ಪರೀಕ್ಷೆ ಮಾಡುವವನು ನಾನು. ಡಬ್ಬಕ್ಕೆ ಒಂದರಂತೆ ಪರೀಕ್ಷೆಯ ಯಂತ್ರಕ್ಕೆ ಸಿಕ್ಕಿಸಿ ಹೇಳಿದಷ್ಟು ಭಾರ ಕೊಟ್ಟಾಗ ಪಿನ್ನು ಟಕ್ಕೆಂದು ಮುರಿದರೆ ಆ ಡಬ್ಬದ ಮಾಲು ಪಾಸು, ಎಣಿಸಿ ಹೊರದೇಶಕ್ಕೆ ಹೋಗುತ್ತದೆ, ಒಂದೂ ನಮ್ಮ ಕೈಗೆ ಸಿಗದು. ಮುರಿಯದಿದ್ದರೆ ಕೆಂಪು ಮೊಹರು ಒತ್ತಿ ಪಕ್ಕಕ್ಕಿಡಬೇಕು. ವರ್ಷಗಳಿಂದ ಇದೇ ಮಾಡುತ್ತ ಬಂದಿದ್ದೇನೆ. ಆದರೆ ಆ ಸೋಮವಾರ ಮೂಲೆಯಲ್ಲಿದ್ದ ರಿಜೆಕ್ಟ್ ಡಬ್ಬ ನನ್ನ ಕಣ್ಣಿಗೆ ಬೇರೆಯಾಗಿಯೇ ಕಂಡಿತು. ಎಷ್ಟು ಭಾರ ಹಾಕಿದರೂ ಬಗ್ಗದ, ಬೆಳ್ಳಿಯಂತೆ ಹೊಳೆಯುವ ಪಿನ್ನುಗಳು. ಇವು ಮಾಡಿದ ತಪ್ಪಾದರೂ ಏನು? ಗಟ್ಟಿಯಾಗಿರುವುದೂ ಒಂದು ತಪ್ಪೇ? ಸೊಟ್ಟ ದಂಟಿನ ಗುಲಾಬಿ ನೆನಪಾಯಿತು. ಹದಿನೈದು ವರ್ಷದ ನೌಕರಿ ಒಂದು ಕಡೆ, ಹೊಸೂರಿನ ನಂಬಿಕೆ ಒಂದು ಕಡೆ, ನಂಬಿಕೆಯೇ ಗೆದ್ದಿತು. ಸ್ಟೋರಿನವರನ್ನು ಕೇಳಿ ಒಂದು ಹಿಡಿ ಜೇಬಿಗೆ ಹಾಕಿಕೊಂಡೆ.

ಹೊಸ ಪಿನ್ನು ಹಾಕಿದ ಮೇಲೆ ಯಂತ್ರಕ್ಕೆ ಹೊಸ ಹರೆಯ ಬಂತು. ಚಿಪ್ಪು ಸಿಕ್ಕಿತು, ಪುಡಿಯಾಯಿತು. ಲಾಳ ಸಿಕ್ಕಿತು, ಸೊಂಡಿಲಿನಿಂದ ಹಾರಿ ಬದುವಿನಾಚೆ ಬಿತ್ತು. ಮಾವ ಊರವರನ್ನೆಲ್ಲ ಕರೆದು ತೋರಿಸಿದರು. ಕೋಳಿ ಮರಳಿ ಬಂತು. ಷಡ್ಡಕ ಕೂಡ ಬಂದು ಬಗ್ಗಿ ನೋಡಿ, ಎಲ್ಲಿ ತಂದೆ ಎಂದು ಕೇಳಿದ. ರಿಜೆಕ್ಟ್ ಮಾಲಪ್ಪ, ಎಲ್ಲರಿಗೂ ಸಿಗೋದಿಲ್ಲ ಎಂದೆ. ಆ ಮಾತು ಹೇಳುವಾಗ ನನ್ನ ಬೆನ್ನು ಎಷ್ಟು ನೆಟ್ಟಗಿತ್ತೆಂದರೆ, ಹೆಂಡತಿ ಒಳಗಿನಿಂದಲೇ ಕೆಮ್ಮಿದಳು.

ತಿಪ್ಪೆಯ ತಳದ ಪದರ ಉಳಿದಿತ್ತು. ಅದರಲ್ಲಿ ಅತ್ತೆಯ ರುಬ್ಬುಗುಂಡು ಇತ್ತು. ಮಿಕ್ಸಿ ಬಂದ ಕಾಲಕ್ಕೆ ಕಳೆದುಹೋದದ್ದು. ಪಕ್ಕದ ಮನೆಯವರು ಎತ್ತಿಕೊಂಡು ಹೋದರೆಂದು ಅತ್ತೆ ಅವರೊಡನೆ ಮಾತು ಬಿಟ್ಟಿದ್ದರು. ಅಲಗು ಆ ಗುಂಡನ್ನು ಕಚ್ಚಿತು. ಒಳಗೆ ಮಡಕೆ ಒಡೆದಂಥ ಸದ್ದಾಯಿತು, ಎಣ್ಣೆ ಸೋರಿತು, ಯಂತ್ರ ಮೊಣಕಾಲೂರಿ ಕೂತಿತು. ಬಿಚ್ಚಿ ನೋಡಿದರೆ ಗೇರ್ ಬಾಕ್ಸು ಎರಡು ಹೋಳು. ಪಿನ್ನು ಮಾತ್ರ ಇದ್ದ ಹಾಗೇ ಇತ್ತು, ಒಂದು ಗೀರಿಲ್ಲ. ಗೇರ್ ಬಾಕ್ಸು ಗಿರಣಿಯಲ್ಲೂ ಸಿಗದು, ಜೂಜುವಾಡಿಯಲ್ಲೂ ಸಿಗದು. ಹಿಮ ಬೀಳುವ ಕಡೆಯಿಂದಲೇ ಬರಬೇಕು. ಅತ್ತೆ ಗುಂಡನ್ನು ತೊಳೆದು ಸೆರಗಿನಲ್ಲಿ ಒರೆಸಿಕೊಂಡು, ಇನ್ನು ಪಕ್ಕದ ಮನೆಯವಳ ಹತ್ತಿರ ನಾನೇ ಮೊದಲು ಮಾತಾಡಬೇಕಲ್ಲ ಎಂದು ನನ್ನನ್ನು ದುರುಗುಟ್ಟಿ ನೋಡಿದರು.

ಮಾವ ಪಿನ್ನನ್ನು ಅಂಗೈಯಲ್ಲಿಟ್ಟು ಹೊರಳಿಸಿದರು.

“ಇಷ್ಟು ಗಟ್ಟಿ ಇರೋದ್ನ ನಿಮ್ ಫ್ಯಾಕ್ಟ್ರೀಲಿ ಯಾಕೆ ಬ್ಯಾಡ ಅಂದ್ರು?”

“ಮುರೀಲಿಲ್ಲ ಅಂತ, ಮಾವ.”

“ಬ್ಯಾಡ ಅಂದೋರು ಯಾರು?”

“ನಾನೇ.”

ಮಾವ ಪಿನ್ನನ್ನು ತಂದು ನನ್ನ ಅಂಗೈಗೆ ಹಾಕಿದರು. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಮಗಳ ಕಡೆ ತಿರುಗಿ ನಿಧಾನವಾಗಿ ಹೇಳಿದರು:

“ಈ ಹುಡುಗನ್ನ ರಾಯಕೋಟೆ ಕಡೆ ಎಷ್ಟೋ ಮನೇಲಿ ಬ್ಯಾಡ ಅಂದವ್ರೆ ಅಂತ ಆವತ್ತೇ ಹೇಳಿದ್ರು ಕಣಮ್ಮ. ಬ್ಯಾಡ ಅಂದಿದ್ದೆಲ್ಲಾ ಕೆಟ್ಟದ್ದಾ ಅಂತ ನಾನು ಒಪ್ಕೊಂಡ್ಬುಟ್ಟೆ. ಯಾಕೆ ಬ್ಯಾಡ ಅಂದ್ರು ಅಂತ ಒಂದು ಮಾತು ಕೇಳ್ಬೇಕಾಗಿತ್ತು.”

ಮಾರನೆಯ ದಿನ ಕೆಲಮಂಗಲದ ಟ್ರ್ಯಾಕ್ಟರ್ ಬಂತೆಂದು ಸುದ್ದಿ ಬಂತು. ಯಂತ್ರ ಕೂತ ದಿನ ಸಂಜೆಯೇ ನಾವಿಬ್ಬರೂ ಬೈಕಿನಲ್ಲಿ ಹೊಸೂರಿಗೆ ಹೊರಟಿದ್ದೆವು. ಅರ್ಧ ದಾರಿಯಲ್ಲಿ ತಡೆಯಲಾರದೆ, ಆ ಮನೆಗಳವರು ನನ್ನನ್ನು ಯಾಕೆ ಬೇಡವೆಂದಿದ್ದರು, ನಿನಗೇನಾದರೂ ಗೊತ್ತೇ ಎಂದು ಹೆಂಡತಿಯನ್ನು ಕೇಳಿದೆ. ಅವಳು ಹಿಂದಿನಿಂದ ನನ್ನ ಹೆಗಲು ಹಿಡಿದುಕೊಂಡೇ ಹೇಳಿದಳು:

“ನಂಗೇನ್ ಗೊತ್ತು? ಗಟ್ಟಿ ಜಾಸ್ತಿ ಆಯ್ತು ಅಂತಂತೂ ಅಂದಿರಾಕಿಲ್ಲ, ಬುಡಿ.”