ಪರವಾನಗಿದಾರರು ಮನೆಯಲ್ಲಿಲ್ಲ

ಆ ದಿನವೂ ಬೆಳಗಾದದ್ದು ಎಂದಿನಂತೆಯೇ. ಅಡುಗೆಮನೆಯಲ್ಲಿ ಅತ್ತೆಯವರು ರೊಟ್ಟಿ ಬಡಿಯುವ ಸದ್ದು, ಪಡಸಾಲೆಯಲ್ಲಿ ರೇಡಿಯೋ ಗಂಟಲು ಸರಿಮಾಡಿಕೊಳ್ಳುವ ಸದ್ದು, ಎರಡೂ ಒಟ್ಟಿಗೇ ಶುರುವಾದವು. ನಾನು ಹಿಟ್ಟು ಸಾಣಿಸುತ್ತಿದ್ದೆ. ನಮ್ಮ ಯಜಮಾನರ ಕಾಕಾ ಮಾತ್ರ ಏಳಕ್ಕೆ ಮುಂಚೆಯೇ ಕ್ಷೌರ ಮುಗಿಸಿ, ಮದುವೆಗಳಿಗೆಂದೇ ಎತ್ತಿಟ್ಟ ಹಳದಿ ರುಮಾಲು ಸುತ್ತಿಕೊಂಡು, "ಇವತ್ತ ನಮ್ಮನಿಗೆ ಜಪ್ತಿ ಬರ್ತೈತಿ! ಹೂರಣ ನುಣ್ಣಗ ಅರೀರಿ!" ಎಂದು ಸಂಭ್ರಮದಿಂದ ಓಡಾಡುತ್ತಿದ್ದರು.

ಸರ್ಕಾರದ ನೋಟೀಸು ಬಂದರೆ ಜನ ಬೆವರುತ್ತಾರೆ. ನಮ್ಮ ಕಾಕಾ ಅರಳುತ್ತಿದ್ದರು! ಇಡೀ ಕುಂದಗೋಳ ತಾಲೂಕಿನಲ್ಲಿ ಇಂಥ ಇನ್ನೊಬ್ಬರನ್ನು ತೋರಿಸಿ, ನಾನು ಬರೆಯುವುದನ್ನೇ ಬಿಟ್ಟುಬಿಡುತ್ತೇನೆ.

ವಿಷಯ ಇಷ್ಟೆ. ಎಪ್ಪತ್ತರ ದಶಕದ ಆ ದಿನಗಳಲ್ಲಿ ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸು ಬೇಕಿತ್ತು. ವರ್ಷಕ್ಕೊಮ್ಮೆ ಪೋಸ್ಟಿಗೆ ಹೋಗಿ ಅದರ ಪುಟ್ಟ ಪುಸ್ತಕಕ್ಕೆ ಠಸ್ಸೆ ಹೊಡೆಸಿಕೊಂಡು ಬರಬೇಕು. ನಮ್ಮ ಪುಸ್ತಕ ಇದ್ದದ್ದು ಕಾಕಾ ಅವರ ಹೆಂಡತಿ ನೀಲವ್ವ ಕಾಕೂ ಹೆಸರಿನಲ್ಲಿ. ಕಾಕೂ, ನಾನು ಸೊಸೆಯಾಗಿ ಬರುವ ಮುಂಚೆಯೇ ತೀರಿಕೊಂಡಿದ್ದರು. ಹೆಸರು ಬದಲಾಯಿಸಿಕೊಂಡರೆ ಮುಗಿಯಿತು. ಒಂದು ಅರ್ಜಿ, ಒಂದು ಸಹಿ. ಕಾಕಾ ಒಪ್ಪಬೇಕಲ್ಲ! ಪುಸ್ತಕ ಹಿಡಿದು ಪೋಸ್ಟಿಗೆ ಹೋಗಿ, "ಆಕಿ ಹೆಸರಿಲೇನ ಠಸ್ಸೆ ಹೊಡೀರಿ" ಎಂದು ಪಟ್ಟು ಹಿಡಿದರು. ಪೋಸ್ಟ್ ಮಾಸ್ತರರು ಕೈ ಮುಗಿದರು.

"ಯಜಮಾನ್ರ, ಕಾಕೂ ಅವರ ಶಿವಗಣಾರಾಧನಿಗೆ ನಾನ ಬಂದು ನಾಕು ಹೋಳಿಗಿ ಉಂಡೇನ್ರಿ. ಉಂಡ ಬಾಯೀಲೆ ಅವರು ಇನ್ನೂ ಅದಾರ ಅಂತ ಹೆಂಗ ಹೇಳ್ಲಿ?"

"ಐದು," ಎಂದರು ಕಾಕಾ. "ಐದು ಉಂಡೀರಿ. ನಾನ ಬಡಿಸೇನಿ."

ಠಸ್ಸೆ ಬೀಳಲಿಲ್ಲ. ಹುಬ್ಬಳ್ಳಿಯ ಕಚೇರಿಯಿಂದ ಇಂಗ್ಲಿಷ್ ಪತ್ರಗಳು ಶುರುವಾದವು.

ಪತ್ರ ಬಂತೆಂದರೆ ಒಲೆಯಿಂದ ನನಗೆ ಬಿಡುಗಡೆ! ಕಾನ್ವೆಂಟಿನಲ್ಲಿ ಕಲಿತವಳು ಮನೆಯಲ್ಲಿ ನಾನೊಬ್ಬಳೇ. ಕೈ ತೊಳೆದು, ಸೆರಗು ಸರಿಮಾಡಿಕೊಂಡು, ಪಡಸಾಲೆಯ ನಡುವೆ ನಿಂತು ಓದಬೇಕು. ಸಿಸ್ಟರುಗಳು ಕಲಿಸಿದಂತೆ ಅಲ್ಪವಿರಾಮಕ್ಕೆ ಒಂದು ಉಸಿರು, ಪೂರ್ಣವಿರಾಮಕ್ಕೆ ಎರಡು. ಕಾಕಾ ರುಮಾಲು ಸುತ್ತಿಕೊಂಡೇ ಕೇಳುತ್ತಿದ್ದರು.

"ಮೊದಲ ಲಕೋಟಿ ಮ್ಯಾಲಿಂದು ಓದವಾ."

"ಶ್ರೀಮತಿ ನೀಲವ್ವ..."

"ಇನ್ನೊಮ್ಮೆ."

"ಶ್ರೀಮತಿ ನೀಲವ್ವ..."

"ಹಾಂ. ಈಗ ಒಳಗಿನ ಬೈಗುಳಾ ಓದು."

ವಿಳಾಸ ಸರಿಯಿದೆಯೇ ಎಂದು ಖಾತ್ರಿ ಮಾಡಿಕೊಳ್ಳುತ್ತಾರೆ ಎಂದುಕೊಂಡಿದ್ದೆ, ಪೆದ್ದಿ! ಒಳಗೆ ದಂಡ, ಜಪ್ತಿ, ನ್ಯಾಯಾಲಯ ಎಲ್ಲವೂ ಸಾಲಾಗಿ ನಿಂತಿರುತ್ತಿದ್ದವು. ಕಾಕಾ ಕಣ್ಣು ಮುಚ್ಚಿ ತಲೆಯಾಡಿಸುತ್ತ, "ಅಗದೀ ಚಲೋ ಬರದಾನ. ಕಲ್ತ ಮನಶ್ಯಾ!" ಎನ್ನುತ್ತಿದ್ದರು.

ಆಮೇಲೆ ಉತ್ತರ. ಜಪ್ತಿ ಮಾಡುತ್ತೇವೆ ಎಂದವರಿಗೆ ಯಾರಾದರೂ ಹೀಗೆ ಬರೆಸುತ್ತಾರೆಯೇ? 'ಇಲ್ಲಿ ನಾವೆಲ್ಲರೂ ಕ್ಷೇಮ. ಹಿಂಗಾರಿ ಜೋಳ ಚೆನ್ನಾಗಿದೆ. ನಿಮ್ಮ ಸಿಟ್ಟು ನೋಡಿದರೆ ಪಿತ್ತ ಏರಿದಂತಿದೆ, ದಿನಾ ಜೀರಿಗೆ ಕಷಾಯ ಕುಡಿಯಿರಿ. ನೀಲವ್ವ ಮನೆಯಲ್ಲಿಲ್ಲ.' ಇದನ್ನೆಲ್ಲ ನಾನು ಇಂಗ್ಲಿಷಿಗೆ ಇಳಿಸಬೇಕು! ಪಿತ್ತ ಏರುವುದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ನನಗೆ ಯಾವ ಸಿಸ್ಟರ್ ಕಲಿಸಿದ್ದರು?

ಹನ್ನೊಂದನೆಯ ಪತ್ರದಲ್ಲಿ, ಇನ್‌ಸ್ಪೆಕ್ಟರರು ಖುದ್ದಾಗಿ ಬಂದು ರೇಡಿಯೋ ಒಯ್ಯುತ್ತಾರೆ ಎಂದಿತ್ತು. ರೇಡಿಯೋ ಹೋದರೆ ಮಧ್ಯಾಹ್ನ ನನಗೆ ಜೊತೆ ಯಾರು? ಅತ್ತೆಯವರಿಗಂತೂ ವಾರ್ತೆ ಕೇಳದೆ ಹೊತ್ತೇ ತಿಳಿಯುವುದಿಲ್ಲ. ಕಾಕಾ ಮಾತ್ರ ಕುಣಿದಾಡಿದರು.

"ಹನ್ನೊಂದು ಕಾಗದ ಬರದಾಂವ ಬೀಗರಿಗಿಂತ ಹತ್ತರದಾಂವ! ಹೋಳಿಗಿ ಆಗಬೇಕು!"

ಜಪ್ತಿಯ ಆ ದಿನ ನವಲಗುಂದದ ಜಮಖಾನ ಹಾಸಿದ ಚಕ್ಕಡಿ ಗುಡಗೇರಿ ಸ್ಟೇಷನ್ನಿಗೆ ಹೋಯಿತು. ರೈಲಿಳಿದ ಇನ್‌ಸ್ಪೆಕ್ಟರರು, ಹೆಣ್ಣು ನೋಡಲು ಬಂದ ಯಾವುದೋ ವರನಿಗಾಗಿ ಗಾಡಿ ಕಾಯುತ್ತಿದೆ ಎಂದು ಬದಿಗೆ ಸರಿದು ನಡೆಯತೊಡಗಿದರಂತೆ. ಕಾಕಾ ಬಿಟ್ಟಾರೆಯೇ? ರಟ್ಟೆ ಹಿಡಿದು ಹತ್ತಿಸಿಕೊಂಡು ಬಂದರು.

ಇತ್ತ ನಮ್ಮ ಓಣಿ ಗಪ್‌ಚಿಪ್! ಲೈಸೆನ್ಸಿಲ್ಲದ ಟ್ರಾನ್ಸಿಸ್ಟರುಗಳೆಲ್ಲ ಮೇವಿನ ಬಣವೆಗೆ, ಜೋಳದ ಹಗೇವಿಗೆ ಇಳಿದಿದ್ದವು. ಬಾಜೂ ಮನೆಯ ಶಿವಕ್ಕ ತನ್ನದನ್ನು ಹಿಟ್ಟಿನ ಡಬ್ಬಿಯಲ್ಲಿ ಹೂತಿಟ್ಟಿದ್ದಳು. ಊರೆಲ್ಲ ಕೇಳುವಂತೆ ಹಾಡುತ್ತಿದ್ದದ್ದು ಒಂದೇ ಒಂದು, ಜಪ್ತಿಯಾಗಬೇಕಾದ ನಮ್ಮದು!

ಇನ್‌ಸ್ಪೆಕ್ಟರರು ಸಣಕಲು ಮನುಷ್ಯ. ಬಿಳಿ ಅಂಗಿಯ ಗುಂಡಿಯೊಂದನ್ನು ಕರಿ ದಾರದಲ್ಲಿ ಹೊಲಿಯಲಾಗಿತ್ತು; ತಾವೇ ಹೊಲಿದುಕೊಂಡದ್ದೆಂದು ನೋಡಿದೊಡನೆ ತಿಳಿಯುತ್ತಿತ್ತು. ಅವರು "ಜಪ್ತಿ" ಎಂದಾಗಲೆಲ್ಲ ಎಲೆಗೆ ಒಂದು ಹೋಳಿಗೆ ಬೀಳುತ್ತಿತ್ತು.

"ಮೊದಲ ಇದನ್ನ ಜಪ್ತಿ ಮಾಡ್ರಿ, ಸಾಹೇಬ್ರ! ತುಪ್ಪಾ ಹಾಕವಾ, ಸಾಹೇಬ್ರು ಒಣಗಿ ಬಂದಾರ!"

ಆರನೆಯದಕ್ಕೆ ಅವರು ಆ ಶಬ್ದವನ್ನೇ ಬಿಟ್ಟರು. ಆದರೆ ಕೆಲಸ ಕೆಲಸವೇ. ಕೈ ತೊಳೆದು, ಜಪ್ತಿಯ ರಸೀದಿ ಪುಸ್ತಕ ತೆರೆದು, ಮೆಲ್ಲಗೆ ಹೇಳಿದರು:

"ಯಜಮಾನ್ರ, ಲೈಸೆನ್ಸ್ ನಿಮ್ಮ ಹೆಸರಿಗೆ ಮಾಡ್ಸಿಕೊಂಡ ಬಿಡ್ರಲಾ. ರೇಡಿಯೋ ಉಳೀತೈತಿ."

ಕಾಕಾ ಎದ್ದರು. ಹೆಗಲ ವಸ್ತ್ರದಿಂದ ರೇಡಿಯೋ ಒರೆಸಿ, ಎತ್ತಿ ತಂದು ಇನ್‌ಸ್ಪೆಕ್ಟರರ ತೊಡೆಯ ಮೇಲಿಟ್ಟರು.

"ರೇಡಿಯೋ ಒಯ್ರಿ. ಆಕಿ ಪುಸ್ತಕ ಹಂಗ ಇರ್ಲಿ."

"ರೇಡಿಯೋ ಇಲ್ಲದ ಪುಸ್ತಕ ತಗೊಂಡು ಏನ್ ಮಾಡ್ತೀರಿ?"

ಕಾಕಾ ರುಮಾಲು ತೆಗೆದು ಪಕ್ಕಕ್ಕಿಟ್ಟರು. "ಹೊಲದ ಉತಾರ ನನ್ನ ಹೆಸರಿಲೆ. ಮನಿ ನನ್ನ ಹೆಸರಿಲೆ. ರೇಷನ್ ಕಾರ್ಡಿನ್ಯಾಗೂ ನಂದ ದೊಡ್ಡ ಹೆಸರು. ಮೂವತ್ತು ವರ್ಷ ಈ ಮನ್ಯಾಗ ದುಡದ್ಲರಿ ಆಕಿ. ಸರ್ಕಾರದವರು ಆಕೀನ ಶ್ರೀಮತಿ ಅಂದದ್ದು ಇದೊಂದರಾಗ. ಇದನ್ನೂ ನನ್ನ ಹೆಸರಿಗೆ ಬರಸ್ಕೊಳ್ಳೇನ್ರಿ?"

ಅಡುಗೆಮನೆಯಲ್ಲಿ ಅತ್ತೆಯವರ ಲಟ್ಟಣಿಗೆ ನಿಂತಿತು. ಎರಡು ಸಲ ಓದಿಸುತ್ತಿದ್ದ ಆ ಲಕೋಟೆಗಳೆಲ್ಲ ನನ್ನ ಕಣ್ಣ ಮುಂದೆ ಬಂದವು.

ಇನ್‌ಸ್ಪೆಕ್ಟರರು ಕರಿ ದಾರದ ಗುಂಡಿಯನ್ನು ಒಮ್ಮೆ ತಿರುವಿದರು. ಆಮೇಲೆ ರಸೀದಿ ಪುಸ್ತಕ ಮುಚ್ಚಿ, ವರದಿಯ ಹಾಳೆ ತೆಗೆದು, ಇಂಗ್ಲಿಷಿನಲ್ಲಿ ಮೂರು ಸಾಲು ಬರೆದು ನನ್ನತ್ತ ಚಾಚಿದರು.

"ಓದಿ ಹೇಳ್ರಿ ತಂಗಿ, ಕಾಕಾರಿಗೆ ತಿಳಿಯೂಹಂಗ."

ನಿಂತು ಓದಿದೆ. ಅಲ್ಪವಿರಾಮ, ಪೂರ್ಣವಿರಾಮ ಎರಡಕ್ಕೂ ಉಸಿರು ಸಾಲಲಿಲ್ಲ.

"ಪರವಾನಗಿದಾರರು ಮನೆಯಲ್ಲಿಲ್ಲ. ಅವರ ಸಹಿಯಿಲ್ಲದೆ ಜಪ್ತಿ ಸಾಧ್ಯವಾಗಲಿಲ್ಲ. ಶ್ರೀಮತಿ ನೀಲವ್ವ ಅವರಿಗೆ ಮತ್ತೊಮ್ಮೆ ಪತ್ರ ಬರೆಯಲಾಗುವುದು."

"ಇನ್ನೊಮ್ಮೆ ಓದವಾ," ಎಂದರು ಕಾಕಾ.

ಸಂಜೆ ಹಿತ್ತಲ ಗೋಡೆಯಾಚೆ ಶಿವಕ್ಕ ಟ್ರಾನ್ಸಿಸ್ಟರಿನೊಳಗಿನ ಹಿಟ್ಟನ್ನು ಊದುತ್ತ ನಿಂತಿದ್ದಳು.

"ಏನೂ ಒಯ್ಯಲಿಲ್ಲಂತಲ್ಲರಿ?"

"ಇಲ್ಲ ಶಿವಕ್ಕ. ಕಾಕೂಗ ಇನ್ನೊಂದು ಕಾಗದ ಬರ್ತೈತಂತ."

ಶಿವಕ್ಕ ಟ್ರಾನ್ಸಿಸ್ಟರಿನ ಬೆನ್ನಿಗೆ ಒಂದು ಪೆಟ್ಟು ಕೊಟ್ಟಳು. "ನೋಡ್ರಿ, ನಾವು ಜೀವಂತ ಅದೀವಿ, ನಮ್ಮ ಹೆಸರಿಗೆ ಒಂದು ಕಾರ್ಡೂ ಬರೂದಿಲ್ಲ," ಎಂದು ಹಿಟ್ಟು ಕೊಡವುತ್ತ ಒಳಗೆ ಹೋದಳು.