ಪಂಪ್‌ಹೌಸಿನ ಉತ್ಸವಮೂರ್ತಿ

ಇಲ್ಲಿ ಭೋಪಾಲದಲ್ಲಿ ಮಗಳ ಮನೆಯ ಫ್ಯಾನು ಕಿರುಗುಟ್ಟಿದಾಗಲೆಲ್ಲ ನನಗೆ ನಗು ಬರುತ್ತದೆ. ಮೆಕ್ಯಾನಿಕ್ ಬರುತ್ತಾನೆ, ಸುತ್ತಿಗೆಯಿಂದ ನಾಲ್ಕು ಬಾರಿಸಿ ಹೋಗುತ್ತಾನೆ, ಎಂಟು ದಿನಕ್ಕೆ ಮತ್ತೆ ಕಿರುಗುಟ್ಟುತ್ತದೆ. ಊರು ಯಾವುದಾದರೇನು, ಬೇರಿಂಗಿನ ಸುತ್ತ ನಡೆಯುವ ತಮಾಷೆ ಅದೇ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಹುನಗುಂದ ತಾಲೂಕಿನ ಹೊಳೆದಂಡೆಯ ಒಂದು ಪಂಪ್‌ಹೌಸಿನಲ್ಲಿ ಸ್ಟೋರ್ ಗುಮಾಸ್ತೆ. ಯಂತ್ರ ನೋಡಿಕೊಳ್ಳಲು ಒಬ್ಬ ಹಿರಿಯ ಫಿಟರ್. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಎಲ್ಲರ ಮೇಲೆ ಮೈಸೂರು ಕಡೆಯ ಸಾಹೇಬರು.

೧. ಅತ್ತೆಯ ವಯಸ್ಸು

ಕಾಕಾನ ಪರೀಕ್ಷೆಗೆ ಒಂದು ಉದ್ದನೆಯ ಸ್ಕ್ರೂಡ್ರೈವರ್ ಸಾಕು. ತುದಿಯನ್ನು ಪಂಪಿನ ಬೇರಿಂಗಿನ ಕವಚದ ಮೇಲಿಟ್ಟು, ಹಿಡಿಕೆಗೆ ಕಿವಿ ಒತ್ತಿ, ಕಣ್ಣು ಮುಚ್ಚುತ್ತಿದ್ದರು. ಒಳಗಿನ ಗುಂಡುಗಳು ನುಣ್ಣಗೆ ಉರುಳುತ್ತಿವೆಯೋ ಸವೆದಿವೆಯೋ ಆ ಕಿವಿಗೆ ತಿಳಿಯುತ್ತಿತ್ತು. ಒಂದು ದಿನ, "ಅಕ್ಕಾರ, ಇದರ ಆಟ ಮುಗೀತು. ಹೊಸಾದು ತರಸ್ರಿ" ಅಂದರು.

ತರಿಸಲು ಫಾರಂ ತುಂಬಬೇಕು. ಅದರಲ್ಲಿ 'ಶಬ್ದದ ವಿವರ' ಎಂಬ ಕಲಂ.

"ಕಾಕಾ, ಶಬ್ದ ಹೆಂಗೈತಿ ಅಂತ ಬರೀಲಿ?"

"ನಮ್ಮತ್ತಿ ಸಿಟ್ಟಿನಾಗ ಜ್ವಾಳಾ ಬೀಸಿದಂಗ ಐತಿ ಅಂತ ಬರೀರಿ."

ನಾನು ಹೊಸಬಳು, ಹಾಗೇ ಬರೆದೆ. ಮೂರು ವಾರಕ್ಕೆ ಮೇಲಿನ ಕಚೇರಿಯಿಂದ ಉತ್ತರ ಬಂತು: 'ಸದರಿ ಅತ್ತೆಯವರ ವಯಸ್ಸು ಮತ್ತು ಹುದ್ದೆಯನ್ನು ಕೂಡಲೇ ತಿಳಿಸತಕ್ಕದ್ದು.'

೨. ಹೋಳಿಗೆಯ ಲೆಕ್ಕ

ಪಂಪ್ ಓಡಿಸುವ ಆಪರೇಟರ್ ಉದಾರಿ ಮನುಷ್ಯ. ಬೇರಿಂಗಿಗೆ ಗ್ರೀಸನ್ನು ಬೊಗಸೆಗಟ್ಟಲೆ ತುರುಕುತ್ತಿದ್ದ. ಅದು ಕೈ ಇಡಲಾರದಷ್ಟು ಕಾದಾಗ, ಗ್ರೀಸು ಸಾಲಲಿಲ್ಲವೆಂದು ಇನ್ನೂ ಒಂದು ಬೊಗಸೆ.

ಕಾಕಾ ಬೈದರೆ ಅವನು, "ಹೋಳಿಗಿಗೆ ತುಪ್ಪ ಕಡಿಮಿ ಹಾಕಿದ್ರ ಬೀಗರು ಸಿಟ್ಟಾಗ್ತಾರೋ ಕಾಕಾ" ಎಂದ.

"ಬೀಗರು ಉಂಡು ಮಲಗ್ತಾರಲೇ, ಇದು ದಿನಾ ಪೂರ್ತಿ ತಿರಗಬೇಕು. ನೀ ಹತ್ತು ಹೋಳಿಗಿ ಹೊಡದು ಈ ಪಂಪ್‌ಹೌಸ್ ನೂರು ಸುತ್ತು ಓಡು, ಆಮ್ಯಾಲ ಎಷ್ಟು ಕಾದೀ ಅಂತ ನಿನಗೂ ಕೈ ಹಚ್ಚಿ ನೋಡ್ತೇನಿ."

೩. ಎರಡನೇ ಮೆಮೊ

ನಾನಿದ್ದ ಮೊದಲ ಮೂರು ವರ್ಷವೂ ಒಂದೇ ಕತೆ. ಮಹಾನವಮಿಗೆ ಮುಂಚೆ ಹೊಸ ಬೇರಿಂಗ್ ಕೂಡಿಸುವುದು, ದೀಪಾವಳಿ ಕಳೆಯುವಷ್ಟರಲ್ಲಿ ಅದು ಗರಗರ ಎನ್ನುವುದು, ಹೊಲಗಳಿಗೆ ನೀರು ನಿಲ್ಲುವುದು, ಹೊಸದು ಮಂಜೂರಾಗಿ ಬರುವಷ್ಟರಲ್ಲಿ ಮತ್ತೆ ಮಹಾನವಮಿ. ಮೂರನೆಯದು ಸತ್ತಾಗ ಸಾಹೇಬರು ಕಾಕಾಗೆ ಮೆಮೊ ಕೊಟ್ಟರು: ನಿರ್ಲಕ್ಷ್ಯ. ಇನ್ನೊಂದು ಹೋದರೆ ಬೀದರಕ್ಕೆ ವರ್ಗ.

ಕಾಕಾನ ಹೆಂಡತಿಗೆ ಕಣ್ಣು ಕಾಣುತ್ತಿರಲಿಲ್ಲ. ಬೆಳಿಗ್ಗೆ ಆಕೆಗೆ ರೊಟ್ಟಿ ಬಡಿದಿಟ್ಟು ಅಮೀನಗಡದಿಂದ ಬಸ್ಸಿಗೆ ಬರುತ್ತಿದ್ದರು. ಬೀದರದಿಂದ ರೊಟ್ಟಿ ಬಡಿಯುವುದು ಹೇಗೆ?

ಸತ್ತ ಆ ಮೂರನೆಯ ಬೇರಿಂಗನ್ನು ಸ್ಟೋರಿಗೆ ಜಮಾ ಮಾಡಿಕೊಳ್ಳಲು ಹೋದಾಗ ಕಾಕಾ ಅದನ್ನು ಬಿಚ್ಚಿ ತೋರಿಸಿದರು. ಒಳಗಿನ ಉಕ್ಕಿನ ಬಳೆಯ ಮೇಲೆ ಸಿಡುಬಿನ ಕಲೆಯಂಥ ಗುಳಿಗಳು. ಅಲ್ಲಲ್ಲಿ ಚಕ್ಕೆ ಎದ್ದಿತ್ತು. ಗ್ರೀಸು ಕೆಂಪಗಿತ್ತು. ಬೆರಳಿನಲ್ಲಿ ತಿಕ್ಕಿದರೆ ರವೆಯಂತೆ ಚರಚರ. ನಡುವೆ ಅರೆದುಹೋದ ಎರಡು ಅಕ್ಷತೆ ಕಾಳು!

ಆಗ ನೆನಪಾಯಿತು. ಮಹಾನವಮಿಯ ಆಯುಧಪೂಜೆಗೆ ಅಲ್ಲಿ ಖಂಡೇಪೂಜೆ ಎನ್ನುತ್ತಾರೆ. ಪ್ರತಿ ವರ್ಷ ಆ ದಿನ ಸಾಹೇಬರು, "ದೇವರು ಮುಚ್ಚಳದ ಮೇಲೆ ಕೂತಿಲ್ಲ, ಒಳಗಿದ್ದಾನೆ" ಎಂದು ಕವಚ ಬಿಚ್ಚಿಸಿ, ಒಳಗೇ ಕುಂಕುಮ, ವಿಭೂತಿ, ಅಕ್ಷತೆ ಏರಿಸಿ, ಮೇಲೆ ಕಾಯಿ ಒಡೆದ ನೀರು ಹಾಕುತ್ತಿದ್ದರು. ಬೇರಿಂಗ್ ಹೋದಂತೆಲ್ಲ ಭಕ್ತಿ ಸಾಲದಾಯಿತೆಂದು ಮರುವರ್ಷ ಕುಂಕುಮ ಜಾಸ್ತಿ.

"ಉಸುಕಿನ ಒಂದು ಹರಳು ಸಿಕ್ಕರ ಒಂದು ಗುಳಿ ಬೀಳತೈತಿ, ಆ ಗುಳಿ ಮುಂದಿನ ಹತ್ತು ಗುಳಿಗೆ ತಾಯಿ" ಅಂದರು ಕಾಕಾ. "ಇವರು ಪೂಜಾ ತಾಟನ್ನ ಸುರವ್ಯಾರ."

"ಸಾಹೇಬ್ರಿಗೆ ಹೇಳಬೇಕಿತ್ತಲ್ರಿ ಕಾಕಾ?"

"ಹೇಳಿದ್ನಲ್ಲಾ. ದೇವರ ಕುಂಕುಮಕ್ಕ ದೋಷ ಹಚ್ತೀ ಅಂತ ಎರಡನೇ ಮೆಮೊ ಕೊಟ್ರು."

೪. ಫೈಲಿನ ಸಲಹೆ

ಮುಂದಿನ ಮಹಾನವಮಿ ಹತ್ತಿರ ಬಂತು. ಹೊಸ ಬೇರಿಂಗ್ ಕೂತಿತ್ತು. ನಾನೇ ಧೈರ್ಯ ಮಾಡಿ ಸಾಹೇಬರ ಕೋಣೆಗೆ ಹೋದೆ.

"ಸರ್, ಗುಡಿಯೊಳಗ ಮೂಲಮೂರ್ತಿಗೆ ಪೂಜಾರಿ ಬಿಟ್ಟು ಯಾರೂ ಕೈ ಹಚ್ಚೂದಿಲ್ಲ. ಮೆರವಣಿಗಿ, ಕುಂಕುಮ, ಎಲ್ಲಾ ಉತ್ಸವಮೂರ್ತಿಗೆ. ನಮ್ಮ ಬೇರಿಂಗಿಗೂ ಒಂದು ಉತ್ಸವಮೂರ್ತಿ ಮಾಡಿದ್ರ?"

"ಅಂದರೆ?"

"ಹ್ವಾದ ವರ್ಷ ಸತ್ತದ್ದನ್ನ ತೊಳದು ಸ್ಟೂಲ್ ಮ್ಯಾಲ ಇಡೂಣ್ರಿ. ಎಷ್ಟು ಬೇಕಾದಷ್ಟು ಕುಂಕುಮ ಏರಸ್ರಿ. ಹೊಸಾದರ ಮುಚ್ಚಳಾ ಮುಚ್ಚೇ ಇರಲಿ."

ಸಾಹೇಬರು ಪೆನ್ನು ಕಚ್ಚಿದರು. "ಇದು ಶಾಸ್ತ್ರದಲ್ಲಿದೆಯೇನ್ರೀ?"

"ಐತ್ರಿ" ಎಂದೆ, ಯಾವ ಶಾಸ್ತ್ರವೆಂದು ನನಗೇ ತಿಳಿಯದೆ.

"ಹಾಗಾದರೆ ಸಲಹೆ ನನ್ನದೇ ಅಂತ ಫೈಲಿನಲ್ಲಿ ಬರೆದುಬಿಡಿ."

೫. ಬೇಕಾಗಿದೆ, ಒಂದು ಕೆಟ್ಟದ್ದು

ನನ್ನ ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಕಾಕಾ ಹೊಸ ಬೇರಿಂಗಿನ ಕವಚವನ್ನು ಕೂಸಿನಂತೆ ಸುತ್ತಿದರು. ಸತ್ತ ಬೇರಿಂಗ್ ಮಾಲೆ ಹಾಕಿಸಿಕೊಂಡು ಸ್ಟೂಲ್ ಮೇಲೆ ಕೂತಿತು. ಅಂದೇ ಮೇಲಿನ ಕಚೇರಿಯಿಂದ ತಪಾಸಣೆಗೆ ಬಂದ ದೊಡ್ಡ ಸಾಹೇಬರು ಮಾಲೆ ಕಂಡದ್ದೇ ಯಾರೋ ತೀರಿಕೊಂಡರೆಂದು ಗಾಬರಿಯಾಗಿ ಬೂಟು ಕಳಚಿ, "ಎಷ್ಟು ವರ್ಷ ಸರ್ವಿಸ್ ಆಗಿತ್ತು?" ಎಂದು ಮೆಲ್ಲಗೆ ಕೇಳಿದರು.

"ಒಂದೂವರಿ ತಿಂಗಳ್ರಿ" ಎಂದರು ಕಾಕಾ, ತಲೆ ತಗ್ಗಿಸಿ.

ದೀಪಾವಳಿ ಹೋಯಿತು, ಸಂಕ್ರಾಂತಿ ಹೋಯಿತು, ಯುಗಾದಿಯೂ ಹೋಯಿತು. ಕಾಕಾ ದಿನಾ ಸ್ಕ್ರೂಡ್ರೈವರಿಗೆ ಕಿವಿಗೊಟ್ಟು, "ಕೂಸು ಮಲಗೈತಿ" ಎಂದು ನಗುತ್ತಿದ್ದರು. ಮರುವರ್ಷದ ಮಹಾನವಮಿಗೂ ಅದೇ ಬೇರಿಂಗ್. ಬೀದರಕ್ಕೆ ವರ್ಗ ಎಂದಿದ್ದ ಮೆಮೊವನ್ನು ಸಾಹೇಬರೇ ಹರಿದು ಹಾಕಿದರು. ಕಾಕಾ ಮರುದಿನ ನನಗೆ ಡಬ್ಬಿ ತುಂಬ ಕರದಂಟು ತಂದರು.

ಸುದ್ದಿ ಮೇಲಿನ ಕಚೇರಿಗೆ ಮುಟ್ಟಿತು. ಸಾಹೇಬರಿಗೆ ಶಾಲು ಸಿಕ್ಕಿತು. ಎಲ್ಲ ಪಂಪ್‌ಹೌಸುಗಳಿಗೂ ಸುತ್ತೋಲೆ ಹೋಯಿತು: 'ಖಂಡೇಪೂಜೆಯನ್ನು ಕೆಟ್ಟ ಬೇರಿಂಗಿಗೆ ಮಾತ್ರ ಸಲ್ಲಿಸತಕ್ಕದ್ದು.'

ವಾರದೊಳಗೆ ಇನ್ನೊಂದು ಪಂಪ್‌ಹೌಸಿನಿಂದ ನಮಗೆ ಪತ್ರ: 'ನಮ್ಮಲ್ಲಿ ಯಾವ ಬೇರಿಂಗೂ ಕೆಟ್ಟಿರುವುದಿಲ್ಲ. ಪೂಜೆಗಾಗಿ ಕೆಟ್ಟದ್ದೊಂದನ್ನು ಕಳಿಸಿಕೊಡಬೇಕು, ಇಲ್ಲವೇ ಚೆನ್ನಾಗಿರುವ ಒಂದನ್ನು ಕೆಡಿಸಲು ಅನುಮತಿ ಕೊಡಿಸಬೇಕು.'

ಏನು ಉತ್ತರಿಸಲಿ ಎಂದು ನಾನು ಪತ್ರವನ್ನು ಕಾಕಾಗೆ ಓದಿ ಹೇಳಿದೆ. ಅವರು ಸ್ಕ್ರೂಡ್ರೈವರಿನಿಂದ ಕಿವಿ ತೆಗೆಯದೆಯೇ ಅಂದರು: "ಅನುಮತಿ ಯಾಕ್ರಿ ಅಕ್ಕಾರ? ನಮ್ಮ ಸಾಹೇಬ್ರನ್ನ ಒಂದು ಪೂಜಿಗೆ ಕಳಸ್ತೇವಿ ಅಂತ ಬರೀರಿ."