ಎಡತೋಳು ವಿಭಾಗ

ಎಡವಟ್ಟು ಶುರುವಾದದ್ದು ಯಜಮಾನರು ವ್ಯಾಪಾರಿಗಳ ಸಭೆಗೆ ಹೋಗಿ ಬಂದ ಮೇಲೆ. ಅಂಗಡಿ ಎಂದರೆ ಅದಕ್ಕೊಂದು ರಚನೆ ಬೇಕು, ಕೆಲಸದ ಪ್ರಕಾರ ವಿಭಾಗ ಮಾಡಬೇಕೋ ತಯಾರಾಗುವ ಮಾಲಿನ ಪ್ರಕಾರವೋ ಎಂದು ಮಾಲೀಕ ಮೊದಲೇ ಆರಿಸಿಕೊಳ್ಳಬೇಕು ಎಂದು ಅಲ್ಲಿ ಯಾರೋ ಭಾಷಣ ಮಾಡಿದ್ದರಂತೆ. ಯಜಮಾನರು ಕೆಲಸದ ಪ್ರಕಾರ ಆರಿಸಿದರು. ಐದು ಜನರ ಹೊಲಿಗೆ ಅಂಗಡಿಯೊಳಗೆ ಹಲಗೆಯ ಗೋಡೆಗಳೆದ್ದವು. ಕತ್ತರಿಸುವ ವಿಭಾಗ, ಕಾಲರ್ ವಿಭಾಗ, ಗುಂಡಿ ವಿಭಾಗ. ತೋಳು ಹೊಲಿಯುವ ಅಣ್ಣತಮ್ಮಂದಿರು ಒಬ್ಬರ ಕೈಕೆಳಗೆ ಇನ್ನೊಬ್ಬರು ಇರಲು ಒಪ್ಪದ್ದರಿಂದ ಬಲತೋಳು, ಎಡತೋಳು ಎಂದು ಎರಡು ವಿಭಾಗಗಳಾದವು. ಯಾರು ಯಾರಿಗೆ ಏನು ಹೇಳಬೇಕಾದರೂ ಯಜಮಾನರ ಮೂಲಕವೇ ಹೇಳಬೇಕು.

ಬಟ್ಟೆ ಕತ್ತರಿಸುವ ಹಿರಿಯ, ಎಲ್ಲರ ಬಾಯಲ್ಲೂ ಕತ್ತರಿ ಮಾವ. ಅವನಿಗೆ ಗೋಡೆ ಕಂಡರೆ ಎದೆ ಭಾರವಾಗುತ್ತಿತ್ತು. ಮೊನ್ನೆ ಮೊನ್ನೆಯವರೆಗೂ ಇಡೀ ಅಂಗಡಿಗೆ ಒಂದೇ ಉದ್ದನೆಯ ಮೇಜು. ಒಬ್ಬರ ಮೊಣಕೈ ಇನ್ನೊಬ್ಬರಿಗೆ ತಗಲುತ್ತಿತ್ತು. ಒಬ್ಬರ ಮನೆ ಜಗಳಕ್ಕೆ ಉಳಿದ ನಾಲ್ವರ ತೀರ್ಪು. ಗಂಡನ ಮನೆ ಸೇರಿದ ಹೆಣ್ಣಿಗೆ ತವರು ನೆನಪಾಗುವಂತೆ ಅವನಿಗೆ ಆ ಗದ್ದಲ ನೆನಪಾಗುತ್ತಿತ್ತು.

ಅಂದು ಮಾತ್ರ ನೆನೆಯುತ್ತ ಕೂರುವ ಹಾಗಿರಲಿಲ್ಲ. ಮರುದಿನ ಮಗಳ ಮದುವೆ. ಅಳಿಯನಾಗುವವನು ಸಂಜೆ ಕೋಟು ಒಯ್ಯಲು ಬರುವವನಿದ್ದ. ಮಾವನೇ ದರ್ಜಿಯಾಗಿ ಅಳಿಯನ ಕೋಟು ಕೆಟ್ಟರೆ ಬೀಗರ ಮುಂದೆ ತಲೆ ಎತ್ತುವಂತಿಲ್ಲ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದವರು ಕೋಟು ಹೊಲಿಸಿ ನೋಡು ಎಂದಿರಲಿಲ್ಲ.

ಮಧ್ಯಾಹ್ನ ಎಲ್ಲ ವಿಭಾಗಗಳನ್ನೂ ದಾಟಿ ಕೋಟು ಬಂತು. ಬಲತೋಳು ಸರಿಯಾಗಿತ್ತು. ಎಡತೋಳು ಮೊಣಕೈಗೇ ಮುಗಿದಿತ್ತು. ಯಜಮಾನರು ಯಾರದೋ ಮಗುವಿನ ಅಳತೆ ಹೇಳಿಬಿಟ್ಟಿದ್ದರು. ಗುಂಡಿ ಅಕ್ಕ ಗುಂಡಿಗಳನ್ನು ಅಚ್ಚುಕಟ್ಟಾಗಿ ಬೆನ್ನಿಗೆ ಹೊಲಿದಿದ್ದಳು. ಮುಂಭಾಗ ಯಾವುದೆಂದು ತಿಳಿದುಕೊಳ್ಳುವುದು ತನ್ನ ವಿಭಾಗದ ಕೆಲಸವಲ್ಲ ಎಂದಳು.

ಯಜಮಾನರು ಊಟಕ್ಕೆ ಹೋದದ್ದೇ ತಡ, ಮಾವ ಒಂದೊಂದೇ ಹಲಗೆ ತಟ್ಟಿದ.

"ನನ್ನ ಮಗಳ ಮದುವೆ ಕಣ್ರಪ್ಪಾ. ನಿಮ್ಮ ವಿಭಾಗ ಆಚೆ ಇಟ್ಟು ಇವತ್ತೊಂದಿನ ಮೇಜಿಗೆ ಬನ್ನಿ."

ಮೊದಲು ಎದ್ದವಳು ಗುಂಡಿ ಅಕ್ಕ. "ನಾವೆಲ್ಲ ಎತ್ತಿ ಆಡಿಸಿದ ಕೂಸು ಮಾವ ಅದು. ಸ್ವಲ್ಪ ಸರ್ಕೊಳಿ, ಜಾಗ ಬಿಡಿ."

ಮೂಲೆಗೆ ಸರಿಸಿದ್ದ ಮೇಜು ನಡುವಿಗೆ ಬಂತು. ಮಾತು ಬಿಟ್ಟಿದ್ದ ತಮ್ಮ ಅಣ್ಣನನ್ನು ಅಳತೆ ಕೇಳಿದ. ಅಣ್ಣ ಬೈಯುತ್ತಲೇ ಹೇಳಿಕೊಟ್ಟ. ಮೊಣಕೈಗೆ ಮೊಣಕೈ ತಗಲಿದಾಗ ಮಾವನಿಗೆ ಕಣ್ಣು ಮಂಜಾಗಿ ಸೂಜಿಯೇ ಕಾಣಲಿಲ್ಲ. ಇಷ್ಟು ಸುಖ ಅವನಿಗೆ ಎಷ್ಟೋ ದಿನಗಳಿಂದ ಆಗಿರಲಿಲ್ಲ.

ಸಂಜೆ ಅಳಿಯ ಹಾಕಿಕೊಂಡರೆ ಕೋಟು ಮೈಗೆ ಎರಕ ಹೊಯ್ದಂತೆ ಕೂತಿತು. ಊಟ, ನಿದ್ದೆ ಮುಗಿಸಿ ಆಗಷ್ಟೇ ಬಂದ ಯಜಮಾನರು ಬೆರಗಾಗಿ, ಇದು ಹೇಗಾಯಿತೆಂದು ಕೇಳಿದರು. ಗೋಡೆ ಬಿದ್ದರೆ ಇವತ್ತೇ ಬೀಳಬೇಕು ಎಂದು ಮಾವ ಧೈರ್ಯ ಮಾಡಿ, ಐವರೂ ಒಂದೇ ಮೇಜಿಗೆ ಕೂತು ಹೊಲಿದೆವು ಎಂದು ನಿಜ ಹೇಳಿಬಿಟ್ಟ.

ಯಜಮಾನರು ಕೋಟಿನ ಎಡತೋಳನ್ನು ಎಳೆದು ನೋಡಿ ತಲೆಯಾಡಿಸಿದರು. "ತಪ್ಪು ನಂದೇ. ಕೆಲಸದ ಪ್ರಕಾರ ಆರಿಸಬಾರ್ದಿತ್ತು."

ಮಾವನಿಗೆ ಹೋದ ಜೀವ ಬಂದಂತಾಯಿತು.

"ಮಾಲಿನ ಪ್ರಕಾರ ಆರಿಸ್ಬೇಕಿತ್ತು. ಕೋಟೊಂದ್ರ ಮೇಲೇ ಗಮನ ಇಟ್ರಿ, ಅದಕ್ಕೇ ಚೆನ್ನಾಗಿ ಬಂತು. ನಾಳಿದ್ದಿಂದ ಕೋಟು ವಿಭಾಗ ನಿಮ್ದು. ತೋಳಿಂದ ಗುಂಡಿವರೆಗೂ ನೀವೊಬ್ರೇ. ಅಂಗಿ ಒಬ್ರಿಗೆ, ಪ್ಯಾಂಟು ಇನ್ನೊಬ್ರಿಗೆ."

"ಮತ್ತೆ ಈ ಗೋಡೆಗಳು?" ಎಂದ ಮಾವ, ಮೆಲ್ಲಗೆ.

"ಸೂರಿನವರೆಗೂ ಏರಿಸಿಬಿಡ್ತೀನಿ. ಗಮನ ಕೆಡಬಾರ್ದು ನೋಡಿ."

ಮಾವನಿಗೆ ಬಡ್ತಿ ಸಿಕ್ಕಿತೆಂದು ಅಳಿಯ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದ.